ನಾಲ್ಕನೇ ಪಾರ್ಸೆಲ್ ಬಿಚ್ಚಿಲ್ಲ

ರಾಯದುರ್ಗ
೨೬ ಏಪ್ರಿಲ್ ೨೦೨೨

ತಂಗಿ ವನಿತಾಗೆ,

ಅಕ್ಕನ ಆಶೀರ್ವಾದ ಮೊದಲು ಬರೆಯಬೇಕು, ಬರೆದಿದ್ದೇನೆ. ಕ್ಷೇಮ ಸಮಾಚಾರ ಆಮೇಲೆ ನೋಡೋಣ. ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿದೆಯೆಂದರೆ ಮಿಷನ್ನಿನ ಮುಂದೆ ಕೂತರೆ ಹೊಲಿಗೆ ಸೊಟ್ಟ ಹೋಗುತ್ತಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ನನ್ನನ್ನು ಎರಡು ಮಾತು ಮುಗಿಸಲು ಬಿಡುವವಳಲ್ಲ. ಬೆಲ್ ಆಯಿತು, ಸೂಪರ್‌ವೈಸರ್ ಬಂದ ಎಂದು ಇಟ್ಟುಬಿಡುತ್ತೀಯ. ನಮ್ಮ ಬೀದಿಯ ಪಾಲಯ್ಯ ನಾಳೆ ಬೆಂಗಳೂರಿಗೆ ಬರುತ್ತಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಕಾಗದದ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ. ಕೊನೆಯವರೆಗೆ ಓದು.

ನೀನು ಕಳಿಸಿದ ನಾಲ್ಕನೇ ಪಾರ್ಸೆಲ್ ಮೊನ್ನೆ ಬಂತು. ನಾನು ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ. ಮೇಲಿನ ಇಂಗ್ಲಿಷ್ ಚೀಟಿಯಲ್ಲೇ ಆರನೇ ಕ್ಲಾಸಿನ ಗಣಿತ ಮತ್ತು ತರ್ಕ ಎಂದಿದೆಯಂತೆ, ಪಕ್ಕದ ಮನೆಯ ಅರ್ಚನಾ ಓದಿ ಹೇಳಿದಳು. ನಿನ್ನ ಮಗಳು ಗಂಗೋತ್ರಿಗೆ ಒಂಬತ್ತು ವರ್ಷ. ಆರನೇ ಕ್ಲಾಸಿನ ಲೆಕ್ಕವನ್ನು ಅವಳು ಮಾಡಬೇಕೋ, ಇಲ್ಲ ಏಳನೇ ಕ್ಲಾಸಿಗೆ ಪಾಟಿ ಇಟ್ಟ ನಾನು ಮಾಡಬೇಕೋ?

ಪುಸ್ತಕ ಆರಿಸುವ ರೀತಿಯೇ ಇದು? ಫೋನಿನಲ್ಲಿ ರಟ್ಟಿನ ಚಿತ್ರ ನೋಡಿ, "ನಾಲ್ಕೂವರೆ ಸ್ಟಾರ್ ಐತೆ ಕಣಕ್ಕ, ಎಲ್ರೂ ಚೆನ್ನಾಗೈತೆ ಅಂತ ಬರ್ದವ್ರೆ" ಎಂದೆಯಲ್ಲ. ಆ ಎಲ್ಲರೂ ನಿನ್ನ ಮಗಳನ್ನು ನೋಡಿದ್ದಾರೆಯೇ? ಸೊಂಟದ ಅಳತೆ ತೆಗೆಯದೆ ಪ್ಯಾಂಟಿನ ಬಟ್ಟೆಗೆ ಕತ್ತರಿ ಹಾಕುತ್ತಾರೇನೆ? ಪುಸ್ತಕವನ್ನು ಮಗುವಿನ ಮುಂದಿಡಬೇಕು, ನಾಲ್ಕು ಪುಟ ಅದೇ ತಿರುಗಿಸಲಿ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುಖ ಸಣ್ಣಗಾಗುತ್ತದೆ ಎಂದು ನೋಡಬೇಕು. ಹೆತ್ತವಳಿಗೆ ಇದನ್ನು ನಾನು ಹೇಳಿಕೊಡಬೇಕೆ?

ಅವಳನ್ನು ಮನೆಯಲ್ಲಿ ಯಾಕೆ ಓದಿಸುತ್ತಿದ್ದೇವೆ ಎಂಬುದೇ ನಿನಗೆ ಮರೆತಿದೆ. ಲಾಕ್‌ಡೌನಿನ ಯುಗಾದಿಗೆ ಮಗಳ ಜೊತೆ ಬಂದವಳು ಫ್ಯಾಕ್ಟರಿ ತೆರೆದ ಕೂಡಲೇ, ಎರಡು ತಿಂಗಳು ನೋಡಿಕೋ ಅಕ್ಕ ಎಂದು ಬಿಟ್ಟುಹೋದೆ. ಎರಡು ವರ್ಷವಾಯಿತು. ಇಲ್ಲಿನ ಸ್ಕೂಲಿಗೆ ಹಾಕಿದರೆ ತೆಲುಗು ಅಕ್ಷರ ಬಾರದೆಂದು ಪುಟ್ಟ ಮಕ್ಕಳ ಜೊತೆ ಕೂರಿಸಿದರು. ಹುಡುಗರು ಆಡಿಕೊಂಡು ನಕ್ಕರು. ದಿನಾ ಬೆಳಿಗ್ಗೆ ಚೀಲ ಹೆಗಲಿಗೇರಿಸುತ್ತಿದ್ದ ಹಾಗೇ ವಾಂತಿ. ಆಗ ನೀನೇ, ಮನೆಯಲ್ಲಿ ಕಲಿಯಲಿ ಬಿಡು, ನಾನು ಪುಸ್ತಕ ಕಳಿಸುತ್ತೇನೆ, ಮುಂದಿನ ಜೂನಿಗೆ ಬೆಂಗಳೂರಿನಲ್ಲಿ ಸೇರಿಸಿದರಾಯಿತು ಎಂದೆ. ಅವಳ ಹೆದರಿಕೆ ಹೋಗಲಿ ಎಂದು ಮನೆಯಲ್ಲಿ ಇಟ್ಟುಕೊಂಡೆವು. ನೀನು ಆ ಹೆದರಿಕೆಯನ್ನೇ ಪಾರ್ಸೆಲ್ ಕಟ್ಟಿ ಮನೆ ಬಾಗಿಲಿಗೆ ಕಳಿಸಿದೆ.

ಮೊದಲನೇ ಪುಸ್ತಕ ನೆನಪಿದೆಯೇ? ಕನ್ನಡದ್ದು, ಚೆನ್ನಾಗಿಯೇ ಇತ್ತು. ಅದರಲ್ಲಿ ೨೮, ೩೦, ೩೨, ೩೪, ೩೬ ಎಂದು ಕೊಟ್ಟು ಮುಂದೆ ಒಂದು ಖಾಲಿ ಮನೆ ಬಿಟ್ಟಿದ್ದರು. ಗಂಗೋತ್ರಿ ಅದರಲ್ಲಿ "ಮುಗೀತು" ಎಂದು ಬರೆದಳು. ನೀನು ಹೇಳಿದ್ದ ಹಾಗೆ ಪುಟದ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸಿದೆವು. ನಮ್ಮ ಮನೆಗೆ ಬರುವ ಜೀನ್ಸ್ ಕಟ್ಟುಗಳಲ್ಲಿ ಸೈಜು ಇಪ್ಪತ್ತೆಂಟರಿಂದ ಮೂವತ್ತಾರು. ಮೂವತ್ತಾರು ಬಂತೆಂದರೆ ಕಟ್ಟು ಮುಗಿಯಿತು. ದಿನವೆಲ್ಲ ಆ ಚೀಟಿಗಳನ್ನು ಜೋಡಿಸಿಕೊಡುವ ಮಗು ಇನ್ನೇನು ಬರೆದೀತು? ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಕಳೆದ ನೀನು ಹೊಟ್ಟೆ ಹುಣ್ಣಾಗುವ ಹಾಗೆ ನಗಬೇಕಾಗಿತ್ತು. ನೀನು ಫೋನ್ ಮಾಡಿ, "ಮೂವತ್ತಾರಾದ್ಮೇಲೆ ಮೂವತ್ತೆಂಟು ಅಂತ ಗೊತ್ತಿಲ್ವೇನೆ? ಹೋಗು, ಕುರಿ ಕಾಯಾಕೋಗು" ಎಂದೆ. ಸ್ಪೀಕರ್ ಹಾಕಿತ್ತು. ಅವಳ ದೊಡ್ಡಪ್ಪ, ಬಟ್ಟೆ ಕೊಡಲು ಬಂದ ಗೋಪಾಲಪ್ಪ, ಎಲ್ಲರೂ ಕೇಳಿದರು. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ನಮಗೆ ಅಮರಾಪುರದಲ್ಲಿ ಚಿಕ್ಕತಿಮ್ಮಯ್ಯ ಮೇಷ್ಟ್ರು ಭಾಗಾಕಾರ ಕಲಿಸಿದ್ದು ಕಡಲೆಕಾಯಿ ಬೀಜದಲ್ಲಿ. ಹದಿನೇಳು ಬೀಜ ಐದು ಜನಕ್ಕೆ ಹಂಚು ಎಂದರೆ ನೀನು ಹಂಚಿ, ಮಿಕ್ಕ ಎರಡನ್ನು ಬಾಯಿಗೆ ಹಾಕಿಕೊಂಡು ಶೇಷ ಸೊನ್ನೆ ಎಂದೆ. ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ನಿನ್ನ ತಪ್ಪಿಗೆ ನಗುವ ಮೇಷ್ಟ್ರು ಸಿಕ್ಕಿದ್ದರು. ನಿನ್ನ ಮಗಳಿಗೆ ಚೆಕಿಂಗ್ ಸೆಕ್ಷನ್ನಿನ ಅಮ್ಮ ಸಿಕ್ಕಿದ್ದಾಳೆ. ದಿನವಿಡೀ ಜನರ ಹೊಲಿಗೆಯಲ್ಲಿ ತಪ್ಪು ಹುಡುಕಿ, ಬಾಣದ ಸ್ಟಿಕ್ಕರ್ ಅಂಟಿಸಿ, ಆಲ್ಟರ್ ಎಂದು ವಾಪಸ್ ಎಸೆಯುವ ಕೆಲಸ ನಿನ್ನದು. ಮಾಡು, ಸಂಬಳ ಕೊಡುತ್ತಾರೆ. ಮಗಳ ಮೇಲೂ ಸ್ಟಿಕ್ಕರ್ ಅಂಟಿಸಬೇಕೆ?

ಅವಳ ತಲೆ ಹೇಗೆ ಓಡುತ್ತದೆ ಎಂದು ನಿನಗೆ ಗೊತ್ತಿಲ್ಲ. ಹೋದ ತಿಂಗಳು ನಲವತ್ತು ಪ್ಯಾಂಟಿನ ಕಟ್ಟು ಬಂತು. ಬೆಲ್ಟಿನ ಲೂಪುಗಳನ್ನು ಎಣಿಸಿ ಇಡು ಎಂದರೆ ಎಣಿಸಿದಳು, ಗೋಡೆ ನೋಡುತ್ತ ಒಂದು ಗಳಿಗೆ ಕೂತಳು. ಆಮೇಲೆ, "ದೊಡ್ಡಪ್ಪ, ಮೂರು ಪ್ಯಾಂಟಿಗೆ ಲೂಪ್ ಸಾಲಂಗಿಲ್ರಿ" ಎಂದಳು. ಒಂದಕ್ಕೆ ಐದರ ಹಾಗೆ ಇನ್ನೂರು ಬೇಕು, ಇದ್ದದ್ದು ನೂರಾ ಎಂಬತ್ತೈದು. ನಮ್ಮವರು ಎರಡು ಸಲ ಎಣಿಸಿ, "ಏನ್ ತಲಿ ಐತಿ ನೋಡು ಈ ಹುಡುಗೀಗೆ" ಎಂದರು. ಈ ಲೆಕ್ಕಕ್ಕೆ ನೀನು ಯಾವ ಪುಸ್ತಕ ಕಳಿಸಿದ್ದೆ?

ಇನ್ನು ಮೂರನೇ ಪಾರ್ಸೆಲ್ಲಿನಲ್ಲಿ ಬಂದಿದ್ದ ನಿನ್ನ ತರ್ಕದ ಪುಸ್ತಕ. ಇಂಗ್ಲಿಷಿನದು, ಅರ್ಚನಾ ಕಾಲೇಜಿನಿಂದ ಬಂದ ಮೇಲೆ ಒಂದೊಂದೇ ಪ್ರಶ್ನೆ ಓದಿ ಹೇಳಬೇಕು. ಕತ್ತರಿ, ಬ್ಲೇಡು, ಚಾಕು, ಸೂಜಿ, ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು ಎಂದು ಕೇಳಿದ್ದರು. ಗಂಗೋತ್ರಿ ಚಾಕು ಎಂದು ಬರೆದಳು. ಯಾಕೆಂದು ಅರ್ಚನಾ ಕೇಳಿದರೆ, "ಕತ್ತರಿ, ಬ್ಲೇಡು, ಸೂಜಿ ಮಿಷನ್ ಡಬ್ಬದಾಗ ಇರ್ತಾವ ಅಕ್ಕ. ಚಾಕು ಅಡಿಗಿ ಮನ್ಯಾಗ ಇರ್ತೈತಿ" ಎಂದಳು. ಇದಕ್ಕಿಂತ ತರ್ಕ ಬೇಕೆ? ಪುಸ್ತಕದ ಕೊನೆಯ ಉತ್ತರಗಳಲ್ಲಿ ಸೂಜಿ ಎಂದಿತ್ತು. ನಿನಗೆ ಬಂದ ಫೋಟೋದಲ್ಲೂ ಸೂಜಿ ಎಂದೇ ಇತ್ತು. ನೀನು ಹೆಬ್ಬೆರಳಿನ ಚಿತ್ರ ಐದು ಸಲ ಕಳಿಸಿದೆ.

ಮೂರೂ ಪುಸ್ತಕ ಹೇಗೆ ಮುಗಿದವು ಎಂದು ನೀನು ಒಂದು ದಿನ ಕೇಳಲಿಲ್ಲ. ಪುಟದ ಮೇಲೆ ತಪ್ಪಿಲ್ಲದಿದ್ದರೆ ನಿನಗೆ ಸಾಕು. ನಾಲ್ಕನೇ ಕ್ಲಾಸಿನದು ಮುಗಿಯಿತೆಂದರೆ ಐದನೆಯದು, ಐದು ಮುಗಿಯಿತೆಂದರೆ ಆರು. ಈಗ ಆ ಫೋಟೋಗಳನ್ನು ಅಲ್ಲಿಯ ಸ್ಕೂಲಿನ ಹೆಡ್‌ಮೇಡಮ್ಮಿಗೆ ತೋರಿಸಿ ಬಂದಿದ್ದೀಯ. ಮನೆಯಲ್ಲೇ ಓದಿ ಇಷ್ಟು ಮಾಡುವ ಮಗುವನ್ನು ಐದನೇ ಕ್ಲಾಸಿಗೆ ಯಾಕೆ ಹಾಕುತ್ತೀರಿ, ನೇರ ಆರಕ್ಕೆ ತೆಗೆದುಕೊಳ್ಳುತ್ತೇವೆ, ಒಂದು ಪರೀಕ್ಷೆ ಬರೆಸಿ ಎಂದರಂತೆ. ಮೇ ಎಂಟರ ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ, ಹತ್ತನೇ ತಾರೀಕು ಪರೀಕ್ಷೆ ಎಂದು ನಿನ್ನೆ ಕುಣಿದಾಡಿದೆ. ಫೋನಿಟ್ಟ ಮೇಲೆ ಗಂಗೋತ್ರಿ, "ಪರೀಕ್ಷಾದಾಗ ನಾನೊಬ್ಬಾಕೀನ ಕುಂದ್ರಬೇಕಾ?" ಎಂದು ಕೇಳಿದಳು. ಹೌದು ಎಂದೆ. ಇವತ್ತು ಬೆಳಿಗ್ಗೆ ಮತ್ತೆ ವಾಂತಿ ಮಾಡಿಕೊಂಡಳು. ಒಂದು ವರ್ಷದಿಂದ ನಿಂತಿತ್ತು.

ನನಗೆ ಮಕ್ಕಳಿಲ್ಲವೆಂದು ನಿನ್ನ ಮಗಳನ್ನು ಹಿಡಿದಿಟ್ಟುಕೊಳ್ಳಲು ಹೀಗೆ ಬರೆಯುತ್ತಿದ್ದೇನೆ ಎಂದುಕೊಳ್ಳುತ್ತೀಯ. ಅಂದುಕೋ. ಅದರಲ್ಲಿ ಸುಳ್ಳೂ ಇಲ್ಲ, ಅವಳು ಹೋದರೆ ನಾನು ಈ ಮನೆಯೊಳಗೆ ಹೇಗಿರಲಿ ಎಂದು ಯೋಚಿಸಿದ್ದೇನೆ. ಆದರೆ ಈಗ ಹೇಳುತ್ತಿರುವುದು ಅದಲ್ಲ. ಅವಳನ್ನು ಕರೆದುಕೊಂಡು ಹೋಗು, ನಿನ್ನ ಮಗಳು. ಐದನೇ ಕ್ಲಾಸಿಗೆ ಸೇರಿಸು, ನಾಲ್ಕಕ್ಕಾದರೂ ಸೇರಿಸು. ಆ ಪರೀಕ್ಷೆಗೆ ಮಾತ್ರ ಕೂರಿಸಬೇಡ. ಯಾಕೆ ಎಂದು ಕೇಳಬೇಡ, ಅಕ್ಕ ಹೇಳಿದಳು ಎಂದು ಬಿಟ್ಟುಬಿಡು.

ನಿನ್ನ ಆರೋಗ್ಯ ನೋಡಿಕೋ. ಕೆಮ್ಮು ಹೋಗದಿದ್ದರೆ ಡಾಕ್ಟರಿಗೆ ತೋರಿಸು, ಸಿಟ್ಟಿದ್ದರೂ ಇಷ್ಟು ಹೇಳಬೇಕಲ್ಲ.

ಇಂತಿ ನಿನ್ನ ಮೇಲೆ ಇನ್ನೂ ಸಿಟ್ಟು ಇಳಿಯದ ಅಕ್ಕ,
ಕದರಮ್ಮ

ಮರೆತ ಮಾತು: ಮರೆತಿರಲಿಲ್ಲ. ಬರೆಯಲು ಧೈರ್ಯ ಬಂದಿರಲಿಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಬರೀ ಅಕ್ಕ ಹೇಳಿದಳೆಂದು ನೀನು ಬಿಡುವವಳಲ್ಲ.

ಆ ಫೋಟೋಗಳಲ್ಲಿದ್ದ ಉತ್ತರಗಳು ನನ್ನವು. ನೀನು ಕುರಿ ಕಾಯಲು ಹೋಗು ಎಂದ ದಿನದಿಂದ ಒಂದು ಪುಟವೂ ಅವಳು ಬರೆದ ಹಾಗೆ ನಿನಗೆ ತಲುಪಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಮಿಷನ್ ನಿಂತಾಗ ಅವಳದನ್ನು ರಬ್ಬರಿನಲ್ಲಿ ಅಳಿಸಿ, ಕೊನೆಯ ಪುಟ ನೋಡಿ, ಅವಳ ಕೈಬರಹದ ಹಾಗೆ ದುಂಡಗೆ ಬರೆಯುತ್ತಿದ್ದೆ. ಇಂಗ್ಲಿಷ್ ಅಕ್ಷರಗಳನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸಿದೆ. ಚೆಕಿಂಗಿಗೆ ಹೋಗುವ ಮೊದಲೇ ತಪ್ಪು ಹೊಲಿಗೆ ಬಿಚ್ಚಿ ಸರಿ ಮಾಡಿಬಿಡುವುದು ನಮ್ಮ ಕಸುಬಿನ ಅಭ್ಯಾಸ. ಮಗುವನ್ನೂ ಹಾಗೇ ಉಳಿಸಿದೆ ಎಂದುಕೊಂಡಿದ್ದೆ. ಚಾಕುವನ್ನೂ ನಾನೇ ಅಳಿಸಿದೆ. ಅವಳದೇ ಸರಿ ಎಂದು ಗೊತ್ತಿದ್ದೂ ಅಳಿಸಿದೆ.

ಅವಳಿಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಯುಗಾದಿ ಆದ ಮೇಲೆ ಒಂದು ದಿನ ನೋಡಿದರೆ ಪುಟಗಳೆಲ್ಲ ಖಾಲಿ. ಯಾಕೆ ಬರೆದಿಲ್ಲ ಎಂದೆ. ಪೆನ್ಸಿಲ್ ನನ್ನ ಕೈಗೆ ಕೊಟ್ಟು, "ಹೆಂಗೂ ನೀವ ಅಳಿಸಿ ಬರೀತೀರಿ ದೊಡ್ಡಮ್ಮ, ನಂದು ಎಲ್ಲಾ ತಪ್ಪ ಇರ್ತೈತಿ" ಎಂದಳು. ಸಿಟ್ಟಿಲ್ಲ, ಅಳುವಿಲ್ಲ. ಅವತ್ತಿನಿಂದ ಯಾವ ಪ್ರಶ್ನೆ ಕೇಳಿದರೂ ಮೊದಲು ನನ್ನ ಮುಖ ನೋಡುತ್ತಾಳೆ.

ಮೇ ಎಂಟಕ್ಕೆ ಬಾ ವನಿತಾ. ಬಂದು ನನ್ನನ್ನು ಬಯ್ಯಿ, ಬಾಯಿಗೆ ಬಂದ ಹಾಗೆ ಬಯ್ಯಿ. ಒಳಗೆ ಕರೆದು ಬಯ್ಯಬೇಡ. ಅವಳೆದುರಿಗೇ ಬಯ್ಯಿ. ತಪ್ಪು ಮಾಡಿದವಳು ದೊಡ್ಡಮ್ಮ ಎಂದು ಅವಳ ಕಿವಿಗೆ ಬೀಳಲಿ.