ಕೌದಿಯ ಹೊಟ್ಟೆ

ನೀಲಾ,

ನಾನು ಮೊದಲ ಪಾಳಿಗೆ ಹೊರಟೆ. ವೈಟ್‌ಫೀಲ್ಡಿನ ಮೇಡಂ ಕೌದಿ ಒಯ್ಯಲು ಇವತ್ತು ನಾಲ್ಕಕ್ಕೆ ಬರುತ್ತಾರೆ. ಅಷ್ಟರೊಳಗೆ ಫೇಸ್‌ಬುಕ್ಕಿನಲ್ಲಿ ಬರೆದದ್ದನ್ನು ತಿದ್ದು. "ಅಜ್ಜಿ ಹೊಲಿದ ನೂರು ವರ್ಷದ ಕೌದಿ" ಎಂದಿದ್ದೀ. ಹೊಲಿದವಳು ನಿನ್ನವ್ವ, ಮಾಕಳಿಯ ಇದೇ ಕೋಣೆಯಲ್ಲಿ, ನಲವತ್ತೊಂದು ದಿನ. ಅಜ್ಜಿಯದು ನಡುವಿನ ಹಸಿರು ಸೀರೆಯ ತುಂಡು ಮಾತ್ರ. ಮೇಡಂಗೆ ಫೋನ್ ಮಾಡಿ ನೀನೇ ಹೇಳು. ನಿನ್ನ ಮೊದಲ ಗಿರಾಕಿ ಅವರೇ, ಗೊತ್ತು. ಬೇಡ ಅಂದರೆ ಅನ್ನಲಿ. ಸುಳ್ಳಿಗೆ ಬಿದ್ದ ನಾನೂರು ಲೈಕು ನಮ್ಮದಲ್ಲ.

ಬರೆಯಬೇಕಾದ್ದನ್ನೇ ಬಿಟ್ಟಿದ್ದೀ. ಕೌದಿಯ ಒಂದು ಮೂಲೆಯನ್ನು ಅವ್ವ ನಿನಗೆಂದೇ ಹೊಲಿಯದೆ ಉಳಿಸಿದ್ದಾಳೆ. ಕೌದಿಯ ಹೊಟ್ಟೆ ತುಂಬಿಸುವ ರೊಟ್ಟಿಯ ಚೂರು ಡಬ್ಬಿಯ ಮೇಲಿದೆ, ಅದನ್ನು ಒಳಗಿಟ್ಟು ಹೊಲಿ. "ಹಸದ ಕೌದಿ ಹೊದ್ದರ ನಿದ್ದಿ ಹತ್ತಂಗಿಲ್ಲ" ಅಂತಾಳೆ ಅವಳು. ಇದಕ್ಕೆ ಪುರಾವೆ ನನ್ನ ಹತ್ತಿರ ಇಲ್ಲ. ಆದರೆ ಅವಳು ಹೊಟ್ಟೆ ತುಂಬಿಸಿದ ಕೌದಿಯನ್ನು ಇಪ್ಪತ್ತೆರಡು ವರ್ಷದಿಂದ ಹೊದೆಯುತ್ತಿದ್ದೇನೆ. ಕಾರ್ಖಾನೆಯ ಸದ್ದು ಅದರೊಳಗೆ ಬರುವಷ್ಟರಲ್ಲಿ ಜೋಳದ ಹೊಲದ ಗಾಳಿಯಾಗಿರುತ್ತದೆ.

ಇದನ್ನು ಬೇಕಾದರೆ ನನ್ನ ಹೆಸರು ಹಾಕಿಯೇ ಬರೆ.

ಅಪ್ಪ