ಗೀಸರ್ ಮತ್ತು ರಬ್ಬರ್ ಚಪ್ಪಲಿ

ಮನೆ ಮಾಲೀಕರೇ,

ಗೀಸರ್ ಕೂರಿಸಲು ನೀವು ಕಳಿಸಿದ ನಿಮ್ಮ ಭಾವಮೈದ ಅದರ ಹಸಿರು ವೈರನ್ನೇ ಕತ್ತರಿಸಿ ಹೋಗಿದ್ದಾರೆ. ಅದು ಅರ್ತ್, ಶಾಕ್ ಹೊಡೆಯದಂತೆ ಕಾಯುವ ವೈರು, ಕತ್ತರಿಸಬೇಡಿ ಎಂದರೆ, "ಗೋಡೇಲಿ ಇರೋದೇ ಎರಡು ತೂತು, ಮೂರನೇದನ್ನ ಎಲ್ಲಿಗೆ ಚುಚ್ಚಲಮ್ಮ?" ಎಂದು ನನಗೇ ಪಾಠ ಹೇಳಿದರು. ನಿನ್ನೆ ನಲ್ಲಿ ಮುಟ್ಟಿದ ನಮ್ಮತ್ತೆ ಶಾಕ್ ಹೊಡೆದು ಬಿದ್ದು ಕೈ ಮುರಿದುಕೊಂಡರು. ಗಟ್ಟಿ ಜೀವ, ಉಳಿದರು. ಫೋನ್ ಮಾಡಿದರೆ ನೀವು ಹೇಳಿದ್ದು, "ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡಿ, ಏನೂ ಆಗಲ್ಲ."

ಕೆಲಸ ಬಲ್ಲವರನ್ನು ಇವತ್ತೇ ಕಳಿಸಿ, ಅರ್ತ್ ಇರುವ ಸಾಕೆಟ್ ಹಾಕಿಸಿ. ಆಗದಿದ್ದರೆ ನಾಳೆ ಬೆಳಿಗ್ಗೆ ನೀವೇ ಸ್ನಾನಕ್ಕೆ ಬನ್ನಿ. ಸೋಪು, ಟವೆಲು ಇಟ್ಟಿರುತ್ತೇನೆ. ಸ್ವಿಚ್ಚನ್ನೂ ನಾನೇ ಹಾಕುತ್ತೇನೆ. ಚಪ್ಪಲಿ ಮಾತ್ರ ಬಾಗಿಲಾಚೆ ಬಿಟ್ಟು ಬನ್ನಿ.

ಇಂತಿ,
ನಿಮ್ಮ ಮಹಡಿ ಮನೆಯ ಬಾಡಿಗೆಯವಳು