ಉಸಿರಿಗೆ ಉಬ್ಬುವ ಪೊರೆ

ಅಕ್ಕಾ,

ಕೆಮ್ಮು ವಾಸಿಯಾಗಿದೆ, ಇನ್ನು ಔಷಧಿ ಕಳಿಸೋಕೆ ಹೋಗಬೇಡ.

ಈ ಲ್ಯಾಬಲ್ಲಿ ನಾನು ಕರೆಂಟ್ ಹರಿಯೋ ಪ್ಲಾಸ್ಟಿಕ್ಕಿನ ತೆಳು ಪೊರೆ ಮಾಡ್ತೀನಿ. ಅದರ ಅಣುಗಳ ಉದ್ದ ಸರಕ್ಕೆ ಅಕ್ಕಪಕ್ಕ ಪುಟ್ಟ ಎಳೆಗಳು ಜೋತುಬಿದ್ದಿರುತ್ತವೆ. ಎಲ್ಲಾ ಆಟ ಅವುಗಳದ್ದೇ. ಎಣ್ಣೆಯಂಥ ಎಳೆ ಇದ್ದರೆ ಪೊರೆಗೆ ತೇವ ತಾಕೋದೇ ಇಲ್ಲ. ನೀರು ಹೀರೋ ಎಳೆ ಇದ್ದರೆ ಎದುರಿಗೆ ಕೂತವರ ಉಸಿರಿಗೇ ಉಬ್ಬುತ್ತೆ, ಕಂಪ್ಯೂಟರ್ ಪರದೆ ಮೇಲೆ ಕರೆಂಟಿನ ಗೆರೆ ಏರಿ ಇಳಿಯುತ್ತೆ. ಚಿಕ್ಕಂದಿನಲ್ಲಿ ನಾನು ಮಲಗಿದ್ದಾಗ ನೀನು ಮೂಗಿನ ಹತ್ತಿರ ಬೆರಳಿಟ್ಟು ನೋಡ್ತಿದ್ದೆಯಲ್ಲ, ಥೇಟ್ ಹಾಗೇ.

ಇವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಕಿಟಕಿ ಮುಚ್ಚಿತ್ತು, ಫ್ಯಾನೂ ಇರಲಿಲ್ಲ. ಎರಡೂ ಥರದ ಪೊರೆ ಮುಂದಿಟ್ಟುಕೊಂಡು ತಮಾಷೆಗೆ ಉಸಿರು ಬಿಗಿಹಿಡಿದೆ. ಎಣ್ಣೆ ಎಳೆಯದ್ದರ ಗೆರೆ ನೆಟ್ಟಗೇ ಇತ್ತು, ಅಂದರೆ ಯಂತ್ರ ಕೆಟ್ಟಿಲ್ಲ. ಇನ್ನೊಂದರದ್ದು ಮಾತ್ರ ನಿಲ್ಲಲೇ ಇಲ್ಲ. ನಿಧಾನವಾಗಿ ಏರಿತು, ಇಳಿಯಿತು, ಮತ್ತೆ ಏರಿತು.

ಅಷ್ಟರಲ್ಲಿ ನಮ್ಮ ಹಿರಿಯ ಮೇಡಂ ಕೈ ಒರೆಸಿಕೊಳ್ತಾ ಬಂದರು. ಪರದೆ ನೋಡಿ ಬೆಚ್ಚಲೂ ಇಲ್ಲ.

"ಸ್ವಲ್ಪ ಸರಿದು ಕೂತ್ಕೊಳ್ಳಮ್ಮ, ಅವರಿಗೂ ಜಾಗ ಬೇಕಲ್ಲ" ಅಂದರು, ನನ್ನ ಪಕ್ಕದ ಖಾಲಿ ಜಾಗದ ಕಡೆ ನೋಡ್ತಾ.

ಸರಿದು ಕೂತೇ ಇದನ್ನ ಬರೀತಿದ್ದೀನಿ.

ನಿನ್ನ ತಂಗಿ